ಸುಂಕವಿಲ್ಲದ ಬೀಜ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಬಂದ ಮೂವತ್ತೆರಡು ಹೆಂಗಸರಿಗೆ ಕೂರಲು ಜಾಗ ಇರಲಿಲ್ಲ. ಕುಮಟೆಯ ಆ ಗೇರುಬೀಜ ಕಾರ್ಖಾನೆಯ ಹೊರಶೆಡ್ಡು ಖಾಲಿಯಾಗಿತ್ತು. ಬೀಜ ಒಡೆಯುವ ಕತ್ತರಿ ಯಂತ್ರಗಳನ್ನು ಬಿಚ್ಚಿ ಅಂಗಳದಲ್ಲಿ ರಾಶಿ ಹಾಕಿದ್ದರು. ಗುಜರಿಯವನು ತಕ್ಕಡಿ ತಂದು ನಿಲ್ಲಿಸಿದ್ದ. ರಾಶಿಯಲ್ಲಿ ನಾಗು ತನ್ನ ಯಂತ್ರದ ಗುರುತು ಹಿಡಿದಳು. ಕಾಲಲ್ಲಿ ಒತ್ತುವ ಪೆಡಲಿಗೆ ಅವಳೇ ಹಳೇ ಸೀರೆಯ ಚೂರು ಸುತ್ತಿದ್ದಳು. ಇಪ್ಪತ್ತೆರಡು ವರ್ಷ ಒತ್ತಿದ ಪೆಡಲು ಅದು.

"ಎಂತ ಇದು?" ಎಂದಳು ಪಕ್ಕದ ಯಂತ್ರದ ಗಣಪಿ.

ಮ್ಯಾನೇಜರ್ ನರೇಶ ಬಂದ. ಬಗಲಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಇಸ್ತ್ರಿ ಅಂಗಿ, ಪ್ಯಾಂಟು. ಶೆಡ್ಡಿನ ಹೊಸ್ತಿಲಿನ ಆಚೆಗೇ ನಿಂತು ಮಾತಾಡುವುದು ಅವನ ರೂಢಿ. ಶೆಡ್ಡಿನೊಳಗೆ ಏನೂ ಉಳಿಯದ ಈ ದಿನವೂ ಆಚೆಗೇ ನಿಂತ.

"ಇನ್ನು ಇಲ್ಲಿ ಬೀಜ ಒಡಿಯೂದಿಲ್ಲ," ಎಂದ. "ಒಡೆದ ಬೀಜವೇ ಬರ್ತದೆ. ಬುರ್ಕಿನಾ ಫಾಸೋ ಅಂತ ಆಫ್ರಿಕಾದಲ್ಲಿ ಒಂದು ದೇಶ. ತೀರಾ ಬಡ ದೇಶ. ಅಂಥ ದೇಶಗಳ ಮಾಲಿಗೆ ನಮ್ಮ ಸರ್ಕಾರ ಹೋದ ವರ್ಷದಿಂದ ಸುಂಕ ಬಿಡ್ತಾ ಬಂದದೆ. ಮೊದ್ಲು ಒಡೆದ ಬೀಜ ತರ್ಸಿದ್ರೆ ಸುಂಕದಲ್ಲೇ ಸೋತು ಹೋಗ್ತಿತ್ತು. ಈಗ ಆ ತಾಪತ್ರಯ ಇಲ್ಲ. ಅಲ್ಲಿ ಹೆಂಗಸ್ರು ನಿಮ್ಮ ಅರ್ಧ ಕೂಲಿಗೆ ಒಡಿತ್ರಂತೆ. ಸಾವ್ಕಾರ್ರು ಯೋಚ್ನೆ ಮಾಡಿದ್ರು. ಆತು."

ಆತು. ಮೂವತ್ತೆರಡು ಒಲೆಗೆ ನೀರು ಸುರಿಯಲು ಅವನಿಗೆ ಆ ಒಂದು ಶಬ್ದ ಸಾಕಾಯಿತು. ಎರಡು ಸಾವಿರದ ಒಂಬತ್ತನೆಯ ಇಸವಿ, ಮಳೆ ಆಗಷ್ಟೇ ಹಿಂದಾಗಿತ್ತು. ದಿಲ್ಲಿಯಲ್ಲಿ ದೊಡ್ಡವರು ಕೂತು ಬಡ ದೇಶಗಳಿಗೆ ಉಪಕಾರ ಮಾಡಿದ್ದರು. ಉಪಕಾರ ಯಾರ ಅನ್ನದ ತಟ್ಟೆಯಿಂದ ಎತ್ತಿ ಕೊಟ್ಟದ್ದು ಎಂದು ಕೇಳಲು ಕುಮಟೆಯ ಹೊರಶೆಡ್ಡಿಗೆ ಯಾರೂ ಬಂದಿರಲಿಲ್ಲ.

"ಆ ದೇಶ ಸಮುದ್ರದಾಚಿಗಾ?" ತಿಮ್ಮಿ ಕೇಳಿದಳು. ಮೂವತ್ತೆರಡು ಜನರಲ್ಲಿ ಎಲ್ಲರಿಗಿಂತ ಹಿರಿಯಳು, ಕಣ್ಣು ಮಂಜಾಗಿ ಎರಡು ವರ್ಷವಾದರೂ ಬೆರಳ ಗುರುತಿನಲ್ಲೇ ಬೀಜ ಒಡೆಯುತ್ತಿದ್ದವಳು.

"ಆಚೆಗೆ. ಆದ್ರೆ ಆ ದೇಶಕ್ಕೆ ಸಮುದ್ರ ಇಲ್ಲ. ಸುತ್ತಲೂ ಬೇರೆ ದೇಶ. ಲಾರಿ ಮೇಲೆ ಪಕ್ಕದ ದೇಶದ ಬಂದರಿಗೆ ತಂದು, ಅಲ್ಲಿಂದ ಹಡಗಿಗೆ."

"ಸಮುದ್ರವೇ ಇಲ್ಯಾ?" ಗಣಪಿ ಬಾಯಿ ಬಿಟ್ಟಳು. "ಹಂಗಾರೆ ಮೀನಿಗೆ ಎಂತ ಮಾಡ್ತ್ರು ಅವ್ರು?"

ಯಾರೂ ನಗಲಿಲ್ಲ. ಗಣಪಿಯೂ ನಗಿಸಲಿಕ್ಕೆ ಕೇಳಿದ್ದಲ್ಲ.

ನರೇಶ ಪೆಟ್ಟಿಗೆ ತೆರೆದ. ಒಳಗೆ ಪ್ಲಾಸ್ಟಿಕ್ ಚೀಲದ ತುಂಬ ಬಿಳಿ ಗೋಡಂಬಿ. ನಾಗು ಒಂದು ಬೀಜ ಹೆಕ್ಕಲು ಕೈ ನೀಡಿದಳು. ಅವನು ಪೆಟ್ಟಿಗೆ ಹಿಂದಕ್ಕೆಳೆದ.

"ಮುಟ್ಬೇಡ. ಎಣ್ಣೆ ಕೈ."

ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು. ಮುಟ್ಟಲಿಲ್ಲ, ಕಣ್ಣಲ್ಲೇ ನೋಡಿದಳು. ಬೀಜದ ಹೊಟ್ಟೆಯ ಮೇಲೆ ಸಣ್ಣ ಗೀರು ಇತ್ತು. ಚಿಪ್ಪಿನಿಂದ ಬೀಜ ಎಬ್ಬಿಸುವಾಗ ಸೂಜಿ ಜಾರಿ ಆಗುವ ಗೀರು. ಪಕ್ಕದ ಬೀಜದ ಮೇಲೂ ಅದೇ ಕಡೆ, ಅದೇ ಓರೆ. ಒಡೆದವಳು ಎಡಚಿ, ಹೊಸಬಳು, ಸಾಯಂಕಾಲದ ಹೊತ್ತಿಗೆ ಕೈ ಸೋತು ಒಡೆದದ್ದು ಎಂದು ನಾಗುವಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಮನಸ್ಸಿನಲ್ಲೇ ಶಪಿಸಿದಳು. ನನ್ನ ಗಂಜಿ ಕಸಿದವಳಿಗೆ ನೆಟ್ಟಗೆ ಸೂಜಿ ಹಿಡಿಯಲಿಕ್ಕೂ ಬರುವುದಿಲ್ಲವಲ್ಲ ಅಂತ.

ಈ ಎಣ್ಣೆ ಕೈ ಅಂದರೆ ಏನು ಎಂದು ಹೇಳಲೇಬೇಕು. ತಟ್ಟೆಯಲ್ಲಿಟ್ಟ ಗೋಡಂಬಿಯಷ್ಟೇ ಕಂಡವರಿಗೆ ಅದು ಗೊತ್ತಿರುವುದಿಲ್ಲ. ಗೇರುಬೀಜದ ಚಿಪ್ಪಿನೊಳಗೆ ಒಂದು ಎಣ್ಣೆ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಎಡಗೈಯಲ್ಲಿ ಬೀಜ ಇಟ್ಟು, ಕಾಲಲ್ಲಿ ಪೆಡಲು ಒತ್ತಿ, ಬಲಗೈಯಲ್ಲಿ ಹಿಡಿಕೆ ಎಳೆದರೆ ಚಿಪ್ಪು ಎರಡು ಹೋಳಾಗುತ್ತದೆ, ಎಣ್ಣೆ ಚಿಮ್ಮುತ್ತದೆ. ದಿನಕ್ಕೆ ಸಾವಿರಗಟ್ಟಲೆ ಸಲ. ಬೂದಿ, ಹರಳೆಣ್ಣೆ ಮೆತ್ತಿಕೊಂಡರೂ ಬೆರಳಿನ ಚರ್ಮ ಸುಲಿದು ಬೀಳುತ್ತದೆ. ಹೊಸ ಚರ್ಮ ಬರುವ ಮೊದಲೇ ಅದರ ಮೇಲೆ ಮತ್ತೆ ಎಣ್ಣೆ. ಕೊನೆಗೆ ಕೈ ಕಪ್ಪಾಗುತ್ತದೆ. ತೊಳೆದರೆ ಹೋಗದ ಕಪ್ಪು. ಊಟಕ್ಕೆ ಕೂತರೆ ಉಪ್ಪು ತಾಗಿ ಕಣ್ಣಲ್ಲಿ ನೀರು ಬರುತ್ತದೆ.

ಹೊರಶೆಡ್ಡಿನ ಮೂವತ್ತೆರಡೂ ಹೆಂಗಸರು ಊರವರು ದೂರ ಇಟ್ಟ ಮುಕ್ರಿ ಜಾತಿಯ ಕೇರಿಗಳವರು. ಕಾಗಾಲದವರು, ಸುತ್ತಲಿನ ಹಳ್ಳಿಯವರು. ಒಳಗಿನ ಹಾಲ್ ಎಂಬ ದೊಡ್ಡ ಕೋಣೆಯಲ್ಲಿ ಬಿಳಿ ಬೀಜ ಆರಿಸಿ ಡಬ್ಬಿ ತುಂಬುವವರು ಬೇರೆ ಕೇರಿಯವರು. ಇದು ಹೇಗಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರ ಸಿದ್ಧವಿತ್ತು, ಎಣ್ಣೆ ಕೈ. ಒಳಗಿನ ಹಾಲಿಗೆ ಹೊರಶೆಡ್ಡಿನವರು ಕಾಲಿಡಬಾರದು, ಎಣ್ಣೆ ಕೈ. ಕುಡಿಯುವ ನೀರಿನ ಕೊಡ ಮುಟ್ಟಬಾರದು, ಒಳಗಿನವಳೊಬ್ಬಳು ಬಂದು ಮೇಲಿಂದ ಹೊಯ್ಯುತ್ತಾಳೆ, ಬೊಗಸೆ ಒಡ್ಡಬೇಕು, ಎಣ್ಣೆ ಕೈ. ಸಂಬಳದ ಲಕೋಟೆಯನ್ನು ಕಟ್ಟೆಯ ಮೇಲೆ ಇಡುತ್ತಾರೆ, ಕೈಗೆ ಕೊಡುವುದಿಲ್ಲ, ಎಣ್ಣೆ ಕೈ. ಕಾಗಾಲದ ಬಸ್ಸಿನಲ್ಲಿ ನಾಗುವಿನ ಪಕ್ಕದ ಸೀಟು ಯಾವಾಗಲೂ ಖಾಲಿ. ಅದೂ ಎಣ್ಣೆಯ ವಾಸನೆ.

ನಾಗು ಇದನ್ನು ನಂಬಿದ್ದಳು. ಅದೇ ಅವಳ ತಪ್ಪು. ಎಲ್ಲರೂ ಮಾಡುವಂಥ ತಪ್ಪಲ್ಲ ಅದು. ಅವಳ ತಾಯಿ ಗದ್ದೆಯೊಡೆಯರ ಹಿತ್ತಲಲ್ಲಿ ತೆಂಗಿನ ಗರಟದಲ್ಲಿ ಚಾ ಕುಡಿದವಳು, ಗರಟವನ್ನು ತಾನೇ ತೊಳೆದು ಬೇಲಿಗೆ ಸಿಕ್ಕಿಸಿ ಬರುತ್ತಿದ್ದವಳು. ಅಲ್ಲಿ ಯಾರೂ ನೆಪ ಹೇಳುತ್ತಿರಲಿಲ್ಲ. ನಾಗು ಕಾರ್ಖಾನೆಗೆ ಸೇರಿದ ದಿನ ಸಾವ್ಕಾರ ಹರಿಹರರು, "ಇಲ್ಲಿ ಜಾತಿಗೀತಿ ಎಲ್ಲ ಇಲ್ಲ. ಎಣ್ಣೆ ಕೈ ಮಾತ್ರ ಬಿಳಿ ಮಾಲಿಗೆ ತಾಗಬಾರದು," ಎಂದಿದ್ದರು. ಅವಳಿಗೆ ಹೆಮ್ಮೆಯಾಗಿತ್ತು. ತನ್ನ ತಾಯಿಗೆ ಸಿಗದ್ದು ತನಗೆ ಸಿಕ್ಕಿತು ಎಂದುಕೊಂಡಳು. ಒಂದು ಕಾರಣ ಸಿಕ್ಕಿತ್ತು. ಕಾರಣ ಎಣ್ಣೆಯಾಗಿದ್ದರೆ ಅದನ್ನು ತೊಳೆಯಬಹುದಲ್ಲ.

"ಒಳಗೆ ಎಂಟು ಜನ ಬೇಕು," ಎಂದ ನರೇಶ ಪೆಟ್ಟಿಗೆ ಮುಚ್ಚುತ್ತ. "ಈ ಬೀಜ ಆರಿಸ್ಲಿಕ್ಕೆ. ಶನಿವಾರ ಕೈ ನೋಡ್ತೆವೆ. ಕೈ ಕ್ಲೀನ್ ಇದ್ದವ್ರು ಬರ್ಬಹುದು."

"ನಮ್ಮಲ್ಲೂ ತಗಳ್ತ್ರಾ?" ನಾಗು ಕೇಳಿದಳು.

"ಕೈ ಕ್ಲೀನ್ ಇರ್ಬೇಕು ಅಂದೆನಲ್ಲ. ಅಷ್ಟೇ."

ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ತಿಮ್ಮಿ ಮಾತ್ರ ನೋಡಲಿಲ್ಲ. "ನಂಗೆ ಕಾಣೂದೂ ಇಲ್ಲ, ಹೋಗೂದೂ ಇಲ್ಲ," ಎಂದು ಗೇಟಿನ ಕಡೆ ನಡೆದಳು.

ಕಾಗಾಲದ ಮನೆಯಲ್ಲಿ ನಾಗುವಿನ ಗಂಡ ಚೌಡ ಹಾಸಿಗೆ ಹಿಡಿದು ಏಳು ವರ್ಷ. ಅದೇ ಕಾರ್ಖಾನೆಯಲ್ಲಿ ಮೂಟೆ ಹೊರುವಾಗ ಮೂಟೆಯ ಅಟ್ಟಿ ಕುಸಿದು ಬೆನ್ನ ಮೇಲೆ ಬಿದ್ದಿತ್ತು. ಸೊಂಟದ ಕೆಳಗೆ ಜೀವ ಇಲ್ಲ. ಮಗಳು ದೀಕ್ಷಾ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಕುಮಟೆಯ ಅಂಗಡಿಗಳಲ್ಲಿ ಕೆಲಸ ಕೇಳಿ ಕೇಳಿ ಸಾಕಾಗಿತ್ತು. ಮನೆಯ ಗಂಜಿ, ಚೌಡನ ಮಾತ್ರೆ, ಬೆನ್ನ ಹುಣ್ಣಿಗೆ ಹಚ್ಚುವ ಔಷಧಿ, ಎಲ್ಲ ನಾಗುವಿನ ಪೆಡಲಿನಿಂದಲೇ ಬರಬೇಕಿತ್ತು. ಅದು ಈಗ ಗುಜರಿಗೆ ಹೋಗಿತ್ತು. ಅಕ್ಕಿಯ ಡಬ್ಬದಲ್ಲಿ ವಾರಕ್ಕಾಗುವಷ್ಟಿತ್ತು. ಶನಿವಾರ ಒಳಗೆ ಹೋಗಲಾಗದಿದ್ದರೆ ಮುಂದೇನು ಎಂದು ಯೋಚಿಸಲು ಕೂಡ ಅವಳಿಗೆ ಧೈರ್ಯ ಬರಲಿಲ್ಲ.

ಸೋಮವಾರ ಸಂಜೆಯೇ ಶುರು ಮಾಡಿದಳು. ಬಾವಿಕಟ್ಟೆಯ ಹತ್ತಿರ ಕೂತು ಹೊಳೆಯ ಮರಳಿನಲ್ಲಿ ಕೈ ತಿಕ್ಕಿದಳು. ಪಾತ್ರೆ ತಿಕ್ಕುವ ಹಾಗೆ, ಬೆರಳ ಸಂದಿಗೆಲ್ಲ ಮರಳು ತುಂಬಿ ತಿಕ್ಕಿದಳು. ಮೇಲಿನ ಸಿಪ್ಪೆ ಎದ್ದಿತು, ಕಪ್ಪು ಹೋಗಲಿಲ್ಲ. ಮಂಗಳವಾರ ಸೀಮೆಎಣ್ಣೆ. ಬುಧವಾರ ಸುಟ್ಟ ಕಪ್ಪೆಚಿಪ್ಪಿನ ಸುಣ್ಣ ಕಲಸಿ ಮೊಣಕೈವರೆಗೆ ಬಳಿದು, ಒಣಗುವವರೆಗೆ ಬಿಸಿಲಲ್ಲಿ ಕೂತಳು. ಸುಣ್ಣ ಬಿರಿದಾಗ ಜೊತೆಗೆ ಚರ್ಮವೂ ಬಿರಿಯಿತು.

ಗಣಪಿ ಬೇಲಿಯಾಚೆ ನಿಂತು ನೋಡಿದಳು. "ನಿಂಗೆ ತಲೆ ಕೆಟ್ಟದೆ ನಾಗಕ್ಕ. ಇಪ್ಪತ್ತೆರಡು ವರ್ಷದ್ದು ನಾಕು ದಿನದಾಗೆ ಹೋಗ್ತದ್ಯಾ?"

"ಹೋಗ್ತದೆ. ಒಳಗೆ ಬೇರೆ ಚರ್ಮ ಅದೆ."

"ಒಳಗೆ ಮೂಳೆ ಅದೆ," ಎಂದಳು ಗಣಪಿ.

ಗುರುವಾರ ನಾಗು ಬ್ಲೀಚಿಂಗ್ ಪೌಡರ್ ತಂದಳು. ಮಳೆಗಾಲದಲ್ಲಿ ಬಾವಿಗೆ ಹಾಕಲು ಪಂಚಾಯತಿಯವರು ಕೊಟ್ಟು ಉಳಿದದ್ದು, ಕೇರಿಯ ಬಾವಿಯ ಗೂಡಿನಲ್ಲಿ ಪೊಟ್ಟಣ ಕಟ್ಟಿ ಇಟ್ಟಿದ್ದರು. ಬಕೆಟ್ಟಿನಲ್ಲಿ ನೀರಿಗೆ ಕಲಸಿ ಎರಡೂ ಕೈ ಮುಳುಗಿಸಿದಳು. ಮೊದಲು ತಣ್ಣಗಿತ್ತು. ಆಮೇಲೆ ಬೆಂಕಿ. ಹಲ್ಲು ಕಚ್ಚಿ ಕೂತಳು. ಮೂಗಿನಲ್ಲಿ ನೀರು ಇಳಿಯಿತು. ಕೈ ಹೊರಗೆ ತೆಗೆದರೆ ಮತ್ತೆ ಹಾಕಲು ಮನಸ್ಸು ಬರುವುದಿಲ್ಲ ಎಂದು ಗೊತ್ತಿದ್ದರಿಂದ ತೆಗೆಯಲಿಲ್ಲ.

ದೀಕ್ಷಾ ಓಡಿ ಬಂದು ಬಕೆಟ್ಟನ್ನು ಕಾಲಲ್ಲಿ ಒದ್ದಳು.

"ಅವ್ವಿ, ಎಂತ ಮಾಡ್ತೆ ನೀನು? ಕೈ ನೋಡು ಒಂದ್ಸಲ."

ನಾಗು ನೋಡಿದಳು. ಕಪ್ಪು ಎದ್ದು ಹೋಗಿತ್ತು. ಅಂಗೈ ಬಿಳಿಚಿಕೊಂಡಿತ್ತು, ಅಲ್ಲಲ್ಲಿ ಕೆಂಪಗೆ ಹಸಿ ಮಾಂಸ ಕಾಣುತ್ತಿತ್ತು. ಅವಳು ನಕ್ಕಳು. ಮಗಳು ಅಳುತ್ತಿದ್ದಾಗ ತಾಯಿ ನಕ್ಕಳು.

"ಹೋತು ಕಾಣು. ಎಣ್ಣೆ ಹೋತು."

"ಅದು ಎಣ್ಣೆ ಅಲ್ಲ ಅವ್ವಿ. ಯಾವತ್ತೂ ಎಣ್ಣೆ ಆಗಿರ್ಲಿಲ್ಲ ಅದು. ನಿಂಗೆ ಯಾಕೆ ತಿಳಿಯೂದಿಲ್ಲ?"

"ನೀ ನಾಕು ಅಕ್ಷರ ಕಲ್ತೆ ಅಂತ ಎಲ್ಲದ್ರಾಗೂ ಅದನ್ನೇ ಕಾಣ್ಬೇಡ," ಎಂದಳು ನಾಗು. ಧ್ವನಿ ಗಟ್ಟಿಯಾಗಿತ್ತು. ಹೆದರಿದಾಗ ಅವಳ ಧ್ವನಿ ಗಟ್ಟಿಯಾಗುತ್ತಿತ್ತು. "ನಾ ಅಲ್ಲಿ ಇಪ್ಪತ್ತೆರಡು ವರ್ಷ ದುಡ್ದವ್ಳು. ನಂಗೆ ಗೊತ್ತಿಲ್ದದ್ದು ನಿಂಗೆ ಗೊತ್ತದ್ಯಾ?"

ಒಳಗಿನಿಂದ ಚೌಡ ಕೂಗಿದ. "ಅವ್ಳಿಗೆ ಬಯ್ಬೇಡ. ಕೈಗೆ ಎಂತಾದ್ರೂ ಹಚ್ಚು." ತನ್ನ ಬೆನ್ನಿಗೆ ಹಚ್ಚುವ ಔಷಧಿಯ ಡಬ್ಬಿಯನ್ನು ಹಾಸಿಗೆಯಿಂದ ಆಚೆಗೆ ಉರುಳಿಸಿದ. ತಳದಲ್ಲಿ ಸ್ವಲ್ಪವೇ ಇತ್ತು. ಅದನ್ನು ನಾಗು ಮುಟ್ಟಲಿಲ್ಲ, ಎಣ್ಣೆಯ ಜಿಡ್ಡು ಕಂಡರೆ ಶನಿವಾರ ತೆಗೆದುಕೊಳ್ಳುವುದಿಲ್ಲ ಎಂದಳು.

ಎರಡು ದಿನ ಮಗಳೇ ಅವಳಿಗೆ ಉಣಿಸಿದಳು. ತುತ್ತು ನುಂಗುತ್ತ ನಾಗು ಆ ಎಡಚಿ ಹೆಂಗಸಿನ ಬಗ್ಗೆ ಯೋಚಿಸುತ್ತಿದ್ದಳು. ಸೋಮವಾರದಿಂದ ಅವಳಿಗೆ ಹಿಡಿಶಾಪ ಹಾಕುತ್ತಲೇ ಇದ್ದಳು. ಶುಕ್ರವಾರ, ಯಾಕೋ, ಅವಳು ಹೇಗೆ ಉಣ್ಣುತ್ತಾಳೆ ಎಂಬ ಪ್ರಶ್ನೆ ಬಂತು. ಎಣ್ಣೆ ಅಲ್ಲಿಯೂ ಸುಡುತ್ತದೆ. ಬೂದಿ ಮೆತ್ತಿಕೊಳ್ಳಬೇಕು ಎಂದು ಅವಳಿಗೆ ಯಾರಾದರೂ ಹೇಳಿಕೊಟ್ಟಿದ್ದಾರೋ ಇಲ್ಲವೋ. ಅರ್ಧ ಕೂಲಿ ಅಂದನಲ್ಲ ನರೇಶ. ಅರ್ಧ ಕೂಲಿಗೂ ಕೈ ಪೂರ್ತಿಯೇ ಸುಡುತ್ತದೆ. ಶಾಪ ಹಾಕಲು ಬಾಯಿ ಬರಲಿಲ್ಲ.

ಶನಿವಾರ ಹೊರಶೆಡ್ಡಿನಿಂದ ಬಂದವರು ಇಬ್ಬರೇ, ನಾಗು ಮತ್ತು ಗಣಪಿ. ಗಣಪಿ ಕೈ ತೊಳೆದಿರಲಿಲ್ಲ. "ನಿನ್ನ ಜೊತಿಗೆ ಬಂದೆ. ಒಬ್ಳೇ ಹೋಗ್ಬಾರ್ದು ಅಂತ," ಎಂದಳು. ದೀಕ್ಷಾ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಳು. ನಾಗುವಿಗೆ ಗೊತ್ತಾದದ್ದು ಗೇಟಿನಲ್ಲೇ.

"ನೀ ಯಾಕೆ ಬಂದೆ?"

"ನನ್ನ ಕೈಗೆ ಎಣ್ಣೆ ತಾಗ್ಲಿಲ್ಲವಲ್ಲ. ನಂದೂ ನೋಡ್ಲಿ."

ನಾಗು ಅವಳನ್ನು ಹುಟ್ಟಿದಾಗಿನಿಂದ ಈ ಗೇಟಿನಿಂದ ದೂರ ಇಟ್ಟಿದ್ದಳು. ಕಾರ್ಖಾನೆಯ ಸೀರೆಯಲ್ಲಿ ಮಗಳನ್ನು ಎತ್ತಿಕೊಂಡವಳಲ್ಲ. ಮನೆಗೆ ಬಂದು ಮಿಂದು, ಸೀರೆ ಬದಲಿಸಿ, ಆಮೇಲೆ ಎತ್ತಿಕೊಳ್ಳುವುದು. ಈಗ ಬೈದು ವಾಪಸು ಕಳಿಸಲು ಬಾಯಿ ತೆರೆದಳು. ಅಕ್ಕಿಯ ಡಬ್ಬ ನೆನಪಾಯಿತು. ಬಾಯಿ ಮುಚ್ಚಿದಳು.

ಒಳಗಿನ ಹಾಲಿನ ಬಾಗಿಲಲ್ಲಿ ಮೇಜು ಹಾಕಿದ್ದರು. ಅಲ್ಲಿನ ಮೇಲ್ವಿಚಾರಕಿ ಅಮಿತಾ ಒದ್ದೆ ಬಿಳಿ ಬಟ್ಟೆ ಹಿಡಿದು ಕೂತಿದ್ದಳು. ನರೇಶ ಹಿಂದೆ ನಿಂತಿದ್ದ. ಬಾಗಿಲಾಚೆ ಉದ್ದ ಮೇಜುಗಳ ಮೇಲೆ ಬೀಜದ ರಾಶಿ. ಬಿಳಿ ಟೊಪ್ಪಿ ಹಾಕಿದ ಹೆಂಗಸರು ಕೆಲಸ ನಿಲ್ಲಿಸಿ ಇತ್ತ ನೋಡುತ್ತಿದ್ದರು. ಅವರ ನಡುವೆ ಏಳು ಹೊಸ ಮುಖ ಕಂಡವು. ನಾಗು ಅದನ್ನು ಗಮನಿಸಿದಳು, ಆದರೆ ಏಳು ಅಲ್ಲವೇ, ಇನ್ನೂ ಒಂದು ಉಳಿದಿದೆಯಲ್ಲ ಎಂದುಕೊಂಡಳು. ಅಷ್ಟು ಆಸೆ.

"ಕೈ," ಎಂದಳು ಅಮಿತಾ.

ನಾಗು ಎರಡೂ ಕೈ ಚಾಚಿದಳು. ಅಮಿತಾ ಮುಖ ಹಿಂಡಿದಳು. ಬಟ್ಟೆಯನ್ನು ನಾಗುವಿನ ಮುಂದೆ ಹಾಕಿ, "ನೀನೇ ಒರೆಸಿಕೋ," ಎಂದಳು. ನಾಗು ಒರೆಸಿದಳು. ಒದ್ದೆ ಬಟ್ಟೆ ಹಸಿ ಮಾಂಸದ ಮೇಲೆ ಹಾದರೂ ಒರೆಸುವುದು ನಿಲ್ಲಿಸಲಿಲ್ಲ. ಬಟ್ಟೆಯನ್ನು ಬಿಚ್ಚಿ ತೋರಿಸಿದಳು. ಕಪ್ಪು ಒಂದು ಚೂರೂ ಇರಲಿಲ್ಲ.

"ಎಣ್ಣೆ ಇಲ್ಲ," ಎಂದಳು ನಾಗು.

ಅಮಿತಾ ನರೇಶನ ಮುಖ ನೋಡಿದಳು. ಅವನು ಬಟ್ಟೆ ನೋಡಿದ, ಕೈ ನೋಡಿದ. ಅವನಿಗೆ ಇದು ಹೊಳೆದಿರಲೇ ಇಲ್ಲ. ತೊಳೆದುಕೊಂಡು ಬರುತ್ತಾಳೆ ಎಂದು ಯಾರು ತಾನೇ ಅಂದುಕೊಂಡಾರು?

"ಗಾಯ ಅದೆಯಲ್ಲ," ಎಂದ ಕೊನೆಗೆ. "ರಕ್ತ ಮಾಲಿಗೆ ತಾಗ್ತದೆ. ಆಗೂದಿಲ್ಲ."

"ಗಾಯ ವಾರದಾಗೆ ಮಾಯ್ತದೆ. ಜಾಗ ಇಟ್ಕಳಿ."

"ಆಗೂದಿಲ್ಲ ಅಂದೆ."

ದೀಕ್ಷಾ ಮುಂದೆ ಬಂದಳು. ಬಟ್ಟೆಯ ಮತ್ತೊಂದು ತುದಿಯಿಂದ ಎರಡೂ ಕೈ ಒರೆಸಿ ಮೇಜಿನ ಮೇಲಿಟ್ಟಳು. ಗಾಯವಿಲ್ಲ, ಕಲೆಯಿಲ್ಲ. ಪೆನ್ನು ಹಿಡಿದ ಬೆರಳಲ್ಲಿ ಸಣ್ಣ ಗಂಟು ಬಿಟ್ಟರೆ ಏನೂ ಇಲ್ಲ. ಅಮಿತಾ ತನಗೇ ತಿಳಿಯದೆ ಆ ಕೈ ಹಿಡಿದು ತಿರುಗಿಸಿ ನೋಡಿದಳು.

"ಚಲೋ ಅದೆ," ಎಂದಳು. "ಎಷ್ಟು ಓದಿದ್ದಿ?"

"ಪಿಯುಸಿ. ಕಾಮರ್ಸ್."

"ಊರು?" ಇದು ನರೇಶ ಕೇಳಿದ್ದು.

"ಕಾಗಾಲ."

ನರೇಶ ನಾಗುವನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದ. "ಕಾಗಾಲದಲ್ಲಿ ಯಾವ ಕೇರಿ?"

ಅಮಿತಾ ಹಿಡಿದ ಕೈ ಬಿಟ್ಟಳು. ತನ್ನ ಅಂಗೈಯನ್ನು ಆ ಒದ್ದೆ ಬಟ್ಟೆಗೇ ಒರೆಸಿಕೊಂಡಳು. ನಾಗು ಅದನ್ನು ನೋಡಿದಳು. ಎಣ್ಣೆಯಿಲ್ಲದ ಕೈ ಮುಟ್ಟಿ ಅವಳು ಏನು ಒರೆಸಿಕೊಂಡಳು? ಇಪ್ಪತ್ತೆರಡು ವರ್ಷ ತಿಳಿಯದ್ದು ಆ ಒಂದು ಒರೆಸಿನಲ್ಲಿ ತಿಳಿಯಿತು. ಕೊಡ, ಬೊಗಸೆ, ಕಟ್ಟೆಯ ಮೇಲಿಟ್ಟ ಲಕೋಟೆ, ಬಸ್ಸಿನ ಸೀಟು. ಎಲ್ಲ ಒಟ್ಟಿಗೆ ಎದ್ದು ಬಂದವು. ನಾಚಿಕೆಯಾಯಿತು. ಅವರ ಮೇಲೆ ಸಿಟ್ಟಿಗಿಂತ ಮೊದಲು ತನ್ನ ಮೇಲೆಯೇ ನಾಚಿಕೆಯಾಯಿತು, ಇದನ್ನು ಮಗಳಿಗೂ ಎಣ್ಣೆಯೆಂದೇ ಹೇಳಿ ಬೆಳೆಸಿದೆನಲ್ಲ ಎಂದು.

"ಜಾಗ ಭರ್ತಿ ಆತು," ಎಂದ ನರೇಶ. ಆಮೇಲೆ ಸ್ವಲ್ಪ ಮೆತ್ತಗೆ, ಉಪಕಾರ ಮಾಡುವವನ ಧ್ವನಿಯಲ್ಲಿ, "ನಾಗು, ಬೇಕಾದ್ರೆ ಒಂದು ಕೆಲ್ಸ ಅದೆ. ಕಕ್ಕಸು, ಗಟಾರ ತೊಳಿಯೂದು. ಬ್ಲೀಚಿಂಗ್ ಪೌಡರ್ ವಾಸ್ನೆ ಬರ್ತದಲ್ಲ, ನಿನ್ನ ಕೈಗೆ ಅದು ಹೆಂಗೂ ರೂಢಿ ಆಗ್ಯದೆ."

ಹಾಲಿನಲ್ಲಿ ಯಾರೋ ಒಬ್ಬಳು ನಕ್ಕಳು. ಸಣ್ಣ ನಗು.

ನಾಗು ಮೇಜನ್ನು ಬಳಸಿ ಒಳಗೆ ನಡೆದಳು. ಓಡಲಿಲ್ಲ, ಕೂಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದಳು. ಒಳಗೆ ತಂಪಾಗಿತ್ತು, ಫ್ಯಾನು ತಿರುಗುತ್ತಿತ್ತು. ಹೊರಶೆಡ್ಡಿಗೆ ಫ್ಯಾನು ಇರಲಿಲ್ಲ. ಹತ್ತಿರದ ಮೇಜಿನವರು ಎದ್ದು ಸರಿದರು. ಮೇಜಿನ ಮೇಲೆ ಬುರ್ಕಿನಾ ಫಾಸೋದ ಬೀಜ ಗುಡ್ಡೆಯಾಗಿ ಬಿದ್ದಿತ್ತು. ನಾಗು ಎರಡೂ ಕೈಯನ್ನು ಮೊಣಕೈವರೆಗೆ ಅದರೊಳಗೆ ಹೊಗಿಸಿದಳು.

ಬೀಜದಲ್ಲಿ ಎಲ್ಲೋ ಉಳಿದ ಚಿಪ್ಪಿನ ಚೂರು ಗಾಯಕ್ಕೆ ಚುಚ್ಚಿತು. ಸುಟ್ಟಿತು. ಅವಳು ಕೈ ತಿರುವಿದಳು, ಬುಡದಿಂದ ಮೇಲಕ್ಕೆ ಮಗುಚಿದಳು. ಬಿಳಿ ಬೀಜದ ಮೇಲೆ ಕೆಂಪು ಕೆಂಪಾಗಿ ಗೀರು ಎದ್ದವು.

"ಹೊರಗೆ ಬಾ," ನರೇಶ ಕಿರುಚಿದ. "ಪೂರಾ ಲಾಟು ಹಾಳಾತು. ಹೊರಗೆ ಬಾರೆ."

"ಇದನ್ನ ಒಡ್ದವ್ಳ ಕೈ ನೋಡೀರಾ?" ನಾಗು ಕೇಳಿದಳು. ತಲೆ ಎತ್ತಲಿಲ್ಲ. "ಅವ್ಳಿಗೆ ಬಟ್ಟೆ ಕೊಟ್ಟು ಒರೆಸು ಅಂದೀರಾ? ಅವ್ಳ ಕೈ ನನ್ನ ಕೈಗಿಂತ ಕಪ್ಪು ಇತ್ತು. ಅವ್ಳು ಮುಟ್ಟಿದ್ದು ಸಮುದ್ರ ದಾಟಿ ಒಳಗೆ ಬಂತು. ಸುಂಕವೂ ಇಲ್ದೆ ಬಂತು. ಯಾವ ಕೇರಿಯವ್ಳು ಅಂತ ಅವ್ಳಿಗೆ ಕೇಳೀರಾ? ನಾ ಬಂದದ್ದು ಕಾಗಾಲದಿಂದ. ಒಂದು ಬಸ್ಸಿನ ದಾರಿ. ನಂಗೆ ಯಾಕೆ ಬಾಗ್ಲು ಇಲ್ಲ?"

ಗಲಾಟೆ ಕೇಳಿ ಸಾವ್ಕಾರ ಹರಿಹರರು ಆಫೀಸಿನಿಂದ ಇಳಿದು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಕೂಗುವ ಜಾಯಮಾನದವರಲ್ಲ. ಗುಡ್ಡೆ ನೋಡಿದರು, ಗೀರು ನೋಡಿದರು, ಗೋಡೆಯ ಗಡಿಯಾರ ನೋಡಿದರು. ನಾಗುವಿನ ಮುಖ ನೋಡಲಿಲ್ಲ.

"ಮೇಲಿಂದು ನಾಕು ಬೊಗಸೆ ತೆಗ್ದು ಎಸಿರಿ," ಎಂದರು. "ಉಳ್ದದ್ದು ಒರೆಸಿ, ಬೆಚ್ಚ ಮಾಡಿ ತುಂಬಿ. ಲಾರಿ ಬಂದು ನಿಂತದೆ."

ನಾಗು ಅದನ್ನು ಕೇಳಿಸಿಕೊಂಡಳು. ಅವಳ ರಕ್ತ ತಾಗಿದ ಬೀಜ ನಡೆಯುತ್ತದೆ. ಒರೆಸಿದರೆ ಆಯಿತು. ಮಾಲಿಗೆ ಏನೂ ಆಗುವುದಿಲ್ಲ. ಅಂದರೆ ಇವರು ಇಷ್ಟು ವರ್ಷ ತನ್ನ ಕೈಯಿಂದ ಕಾದುಕೊಂಡು ಬಂದದ್ದು ಮಾಲನ್ನೂ ಅಲ್ಲ. ಕೈ ಗುಡ್ಡೆಯಿಂದ ತೆಗೆದು, ಖಾಲಿಯಾಗಿದ್ದ ಸ್ಟೂಲು ಎಳೆದು ಮೇಜಿನೆದುರು ಕೂತಳು. ಬೀಜ ಆರಿಸತೊಡಗಿದಳು. ಇಡೀ ಬೀಜ ಒಂದು ಕಡೆ, ಹೋಳು ಒಂದು ಕಡೆ, ಚೂರು ಒಂದು ಕಡೆ. ಅವಳಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಬೀಜ ಅಂದರೆ ಏನು ಎಂದು ಆ ಹಾಲಿನಲ್ಲಿ ಅವಳಷ್ಟು ತಿಳಿದವರು ಇರಲಿಲ್ಲ. ಸೂಜಿಯ ಓರೆ ಗೀರು ಇರುವ ಬೀಜ ಸಿಕ್ಕಿದಾಗಲೆಲ್ಲ ಅದನ್ನು ಇಡೀ ಬೀಜದ ಕಡೆಗೇ ಹಾಕಿದಳು.

"ಇವಳನ್ನ ಹೊರಗೆ ಹಾಕಿ," ಎಂದರು ಹರಿಹರರು, ಮೊದಲಿನ ಧ್ವನಿಯಲ್ಲೇ.

ಹೊರಗೆ ಹಾಕಬೇಕಾದರೆ ಎಬ್ಬಿಸಬೇಕು. ಎಬ್ಬಿಸಬೇಕಾದರೆ ಹಿಡಿಯಬೇಕು. ಅಮಿತಾ ಹಿಂದಕ್ಕೆ ಸರಿದಳು. ಬಿಳಿ ಟೊಪ್ಪಿಯ ಹೆಂಗಸರು ಗೋಡೆಗೆ ಒರಗಿ ನಿಂತರು. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ದೀಕ್ಷಾ ಯಾರನ್ನೂ ಕೇಳದೆ ಒಳಗೆ ಬಂದು ತಾಯಿಯ ಬೆನ್ನ ಹಿಂದೆ ನಿಂತಳು. ಬಾಗಿಲಲ್ಲಿ ಗಣಪಿ ಎರಡೂ ಕಪ್ಪು ಕೈಯನ್ನು ಚೌಕಟ್ಟಿಗೆ ಊರಿ ನಿಂತಿದ್ದಳು.

ನರೇಶ ಆಚೀಚೆ ನೋಡಿದ. ಮೂಲೆಯಲ್ಲಿ ಪೆಟ್ಟಿಗೆಯ ಅಟ್ಟಿ ಸರಿಸುವ ಬಿದಿರು ಕೋಲು ಇತ್ತು. ತಂದ. ಒಂದು ಮಾರು ದೂರ ನಿಂತು ಕೋಲಿನ ತುದಿಯಿಂದ ನಾಗುವಿನ ಭುಜಕ್ಕೆ ತಿವಿದ. ಗದ್ದೆಗೆ ನುಗ್ಗಿದ ದನಕ್ಕೆ ತಿವಿಯುವ ಹಾಗೆ.

"ಏಳು. ಏಳೆ."

ನಾಗು ವಾಲಿದಳು, ಬೀಳಲಿಲ್ಲ. ಅವನು ಮತ್ತೊಮ್ಮೆ ತಿವಿದ. ದೀಕ್ಷಾ ಕೋಲಿನ ತುದಿ ಹಿಡಿಯಲು ಬಂದಳು.

"ಬಿಡು," ಎಂದಳು ನಾಗು ಮಗಳಿಗೆ. ಸ್ಟೂಲಿನ ಮೇಲೆ ಕೂತಲ್ಲೇ ನರೇಶನ ಕಡೆ ತಿರುಗಿದಳು. ಇಷ್ಟು ವರ್ಷ ಅವನನ್ನು ಹೆಸರು ಹಿಡಿದು ಕರೆದವಳಲ್ಲ.

"ನರೇಶ, ಕೋಲು ಯಾಕೆ? ಕೈ ಹಿಡ್ದು ಎಳಿ. ಎಣ್ಣೆ ಇಲ್ಲ, ನೀನೇ ನೋಡಿದ್ಯಲ್ಲ. ಒಂದ್ಸಲ ಕೈ ಹಿಡಿ. ನಾ ಎದ್ದು ಹೋಗ್ತೆ, ಮತ್ತೆ ಬರೂದಿಲ್ಲ."

ಎರಡೂ ಕೈ ಅವನ ಮುಂದೆ ಚಾಚಿದಳು. ಬೆರಳ ತುದಿಯಿಂದ ನೆಲಕ್ಕೆ ಹನಿ ಬೀಳುತ್ತಿತ್ತು. ಹೊರಗೆ ಲಾರಿಯವನು ಹಾರ್ನ್ ಮಾಡಿದ, ಸ್ವಲ್ಪ ಬಿಟ್ಟು ಇನ್ನೊಮ್ಮೆ ಮಾಡಿದ. ನರೇಶ ಕೋಲು ಹಿಡಿದುಕೊಂಡು ನಿಂತೇ ಇದ್ದ. ನಾಗು ಕೈ ಚಾಚಿಕೊಂಡು ಕೂತೇ ಇದ್ದಳು.